ಜೋಳಿಗೆಗೆ ಬಿದ್ದ ಕತೆ

ಬೈಲಹೊಂಗಲ ಸೀಮೆಯ ಸಣ್ಣಾಟ, ಪಾರಿಜಾತ ನೋಡಿದವರಿಗೆ ‘ಆಯೇರಿ’ ಗೊತ್ತು. ಆಟ ರಂಗೇರಿದಾಗ ಪ್ರೇಕ್ಷಕನೊಬ್ಬ ಎದ್ದು ನೋಟು ಕೊಡುತ್ತಾನೆ. ಕಲಾವಿದ ಆಟ ನಿಲ್ಲಿಸಿ, ಇಂಥ ಊರಿನ ಇಂಥವರು ಇಷ್ಟು ಆಯೇರಿ ಮಾಡಿದ್ದಾರೆಂದು ಸಾರುತ್ತಾನೆ. ಕೊಟ್ಟವನೂ ಅರೆಗಳಿಗೆ ಕತೆಯೊಳಗೆ ಬರುತ್ತಾನೆ. ಕತೆ ಹೇಳಿ ದೇಣಿಗೆ ಕೂಡಿಸುವುದು ಹೇಗೆಂದು ಸ್ವಯಂಸೇವಾ ಸಂಸ್ಥೆಗಳಿಗೆ ಈಗ ತರಬೇತಿ ಕೊಡುತ್ತಾರೆ. ಬೆಳಗಾವಿಗೆ ಈ ವಿದ್ಯೆ ಹಳೆಯದು.

ಏಳು ಶಿಕ್ಷಕರು ಸೇರಿ 1916ರ ನವೆಂಬರ್ 13ರಂದು ಇಲ್ಲಿ ಶಾಲೆಯೊಂದನ್ನು ತೆರೆದರು. ಅದೇ ಮುಂದೆ ಕೆ.ಎಲ್.ಇ. ಸಂಸ್ಥೆಯಾಯಿತು. ಜನ ಆ ಏಳು ಮಂದಿಯನ್ನು ‘ಸಪ್ತರ್ಷಿಗಳು’ ಎಂದು ಕರೆದರು. ಸಂಬಳ ನೆಚ್ಚಿ ಬದುಕುವ ಮೇಷ್ಟ್ರುಗಳೇ ತಮ್ಮ ದುಡಿಮೆಯನ್ನು ಮುಡಿಪಿಟ್ಟಿದ್ದಾರೆಂಬ ಮಾತಿಗಿಂತ ದೊಡ್ಡ ವಿನಂತಿಪತ್ರ ಬೇಕಿರಲಿಲ್ಲ. ಅದಕ್ಕೂ ಮೊದಲೇ ಇನ್ನೊಂದು ಕತೆ ನಾಡಿನಲ್ಲಿ ಓಡಾಡುತ್ತಿತ್ತು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ಮೃತ್ಯುಪತ್ರ ಬರೆದು ತಮ್ಮ ಆಸ್ತಿಯನ್ನು ವಿದ್ಯೆಗೆ ಬಿಟ್ಟಿದ್ದರು. 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ದಾನಿಯ ಹೆಸರು ಬಾಗಿಲ ಮೇಲಿದ್ದರೆ ಕತೆಯನ್ನು ಮತ್ತೆ ಹೇಳಬೇಕಿಲ್ಲ, ದಾರಿಹೋಕರೇ ಹೇಳುತ್ತಾರೆ.

ಆದರೆ ದೇಸಾಯರಂತೆ ಆಸ್ತಿ ಬರೆದುಕೊಡಬಲ್ಲವರು ಎಷ್ಟು ಜನ? ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ನಗರದಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯ ನಡೆಸಿದ್ದು ಹಳ್ಳಿಗಳ ಕಾಳಿನಿಂದ. ಜೋಳಿಗೆಗೆ ಒಂದು ಬೊಗಸೆ ಜೋಳ ಹಾಕಿದ ರೈತನಿಗೆ ಅದು ಯಾರ ಹೊಟ್ಟೆ ಸೇರುತ್ತದೆಂದು ತಿಳಿದಿತ್ತು. ರಜೆಗೆ ಊರಿಗೆ ಬಂದ ಹುಡುಗನೇ ಅವನಿಗೆ ಲೆಕ್ಕಪತ್ರ. ಅಲ್ಲಿ ಕನಿಕರಕ್ಕಿಂತ ನೆಂಟಸ್ತಿಕೆ ಹೆಚ್ಚು.

ಇಂದಿನ ಸಂಶೋಧಕರು ಕನಿಕರವನ್ನೂ ಅಳೆದು ನೋಡಿದ್ದಾರೆ. ಅಮೆರಿಕದ ಡೆಬೊರಾ ಸ್ಮಾಲ್, ಜಾರ್ಜ್ ಲೊವೆನ್‌ಸ್ಟೈನ್, ಪಾಲ್ ಸ್ಲೊವಿಕ್ 2007ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಕೈಯಲ್ಲಿ 5 ಡಾಲರ್ ಇದ್ದವರಲ್ಲಿ ಕೆಲವರಿಗೆ ಆಫ್ರಿಕದ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಕತೆ ತೋರಿಸಿದರು. ಅವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಹಸಿದವರ ಅಂಕಿಅಂಶ ಮಾತ್ರ ಓದಿದವರು ಕೊಟ್ಟದ್ದು 1.14. ಹುಡುಗಿಯ ಕತೆಯ ಜೊತೆಗೆ ಅಂಕಿಅಂಶವನ್ನೂ ಕೊಟ್ಟಾಗ ದೇಣಿಗೆ 1.43ಕ್ಕೆ ಇಳಿಯಿತು!

ತರಬೇತುದಾರರು ಇದರಿಂದ ಕಲಿಯುವ ಪಾಠ, ಒಂದೇ ಮುಖ ತೋರಿಸಿ ಎಂಬುದು. ಅಪಾಯವೂ ಅಲ್ಲೇ ಇದೆ. ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದ ಖಾನಾಪುರ ದಾಟಿದರೆ ಭೀಮಗಡ ಕಾಡಿನ ಹಳ್ಳಿಗಳು. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ದಾರಿ ಮುಚ್ಚಿತು. 2024ರ ಜುಲೈನಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ತಂದ ಸುದ್ದಿ ಎಲ್ಲರೂ ಓದಿದ್ದೇ. ಇಂಥ ಒಂದು ಚಿತ್ರ ಮುಂದಿಟ್ಟು ಕೇಳಿದರೆ ಚಿಕಿತ್ಸೆಗೆ ಹಣ ಬರುತ್ತದೆ, ಬರಲೂ ಬೇಕು. ಆದರೆ ಸೇತುವೆ ಇಲ್ಲದ ಊರುಗಳ ಸಂಖ್ಯೆ, ಅರಣ್ಯ ಕಾಯ್ದೆಯ ತೊಡಕು, ಸ್ಥಳಾಂತರದ ಚರ್ಚೆ, ಇವೆಲ್ಲ ದೇಣಿಗೆ ಇಳಿಸುವ ಅಂಕಿಅಂಶಗಳೆಂದು ಪತ್ರದಿಂದ ಹೊರಗುಳಿಯುತ್ತವೆ. ಮುಂದಿನ ಮಳೆಗೆ ಇನ್ನೊಂದು ಡೋಲಿ.

ಮತ್ತೊಂದು ಮಾತು. ಆ ಕಾಡಂಚಿನ ಬಹಳಷ್ಟು ಮನೆಗಳ ಮಾತು ಮರಾಠಿ. ದೂರದ ದಾನಿಗೆ ಹೋಗುವ ವಿನಂತಿಪತ್ರ ಇಂಗ್ಲಿಷಿನಲ್ಲಿರುತ್ತದೆ. ತನ್ನ ಬಗ್ಗೆ ಏನು ಬರೆದಿದ್ದಾರೆಂದು ಕತೆಯಲ್ಲಿರುವವರಿಗೇ ತಿಳಿಯುವುದಿಲ್ಲ. ಅಚ್ಚಿಗೆ ಕಳಿಸುವ ಮುನ್ನ ಅದನ್ನು ಅವರ ಮಾತಿನಲ್ಲಿ ಒಮ್ಮೆ ಓದಿ ಹೇಳಿ, ಬೇಡವೆಂದ ಸಾಲನ್ನು ಹೊಡೆದುಹಾಕಲು ಒಂದು ಮಧ್ಯಾಹ್ನ ಸಾಕು.