ಹೇಳಲೇಬೇಕೆಂಬ ಕಟ್ಟಳೆಯೇ ನರ್ಸ್‌ಗೆ ಕಾವಲು

2023ರ ಆರಂಭದಲ್ಲಿ ಕೊಯಮತ್ತೂರು ಜಿಲ್ಲೆಯ ತೊಂಡಾಮುತ್ತೂರು ಬಳಿಯ ಆಟ್ಟುಕ್ಕಲ್‌ನಲ್ಲಿ ಊರವರು ಒಂದು ಕಟ್ಟಡದ ಮುಂದೆ ಜಮಾಯಿಸಿದರು. ಆಶ್ರಯ ಕೊಡುವ ಹೆಸರಿನಲ್ಲಿ ನಗರದ ಬೀದಿಗಳಿಂದ ಎತ್ತಿಕೊಂಡು ಬಂದ ನೂರಕ್ಕೂ ಹೆಚ್ಚು ಜನರ ತಲೆ ಬೋಳಿಸಿ, ಹೊಡೆದು, ಕೂಡಿಹಾಕಿದ್ದಾರೆ ಎಂಬ ಆರೋಪದ ಮೇಲೆ ಪೊಲೀಸರು ಕೆಲವರನ್ನು ಬಂಧಿಸಿದರು. ಅದೇ ವರ್ಷದ ಫೆಬ್ರವರಿಯಲ್ಲಿ ವಿಲ್ಲುಪುರಂ ಜಿಲ್ಲೆಯ ಗುಂಡಲಪುಲಿಯೂರಿನ ಅನ್ಬು ಜ್ಯೋತಿ ಆಶ್ರಮದ ಸಂಗತಿ ಹೊರಬಿತ್ತು. ಅಲ್ಲಿಗೆ ಸೇರಿಸಿದ್ದ ವೃದ್ಧರೊಬ್ಬರನ್ನು ನೋಡಲು ಹೋದವರಿಗೆ ಅವರನ್ನು ಬೆಂಗಳೂರಿಗೆ ಕಳಿಸಿದ್ದೇವೆ ಎಂಬ ಉತ್ತರ ಸಿಕ್ಕಿತ್ತು, ಬೆಂಗಳೂರಿನಲ್ಲೂ ಅವರಿರಲಿಲ್ಲ. ಮದ್ರಾಸ್ ಹೈಕೋರ್ಟಿಗೆ ಹೆಬಿಯಸ್ ಕಾರ್ಪಸ್ ಅರ್ಜಿ ಹೋದ ಮೇಲೆಯೇ ಅಧಿಕಾರಿಗಳು ಒಳಹೊಕ್ಕದ್ದು. ಪರವಾನಗಿಯಿಲ್ಲದ ಆ ಜಾಗದಲ್ಲಿ 140ಕ್ಕೂ ಹೆಚ್ಚು ಜನರಿದ್ದರು. ಹೊಡೆತದ, ಲೈಂಗಿಕ ದೌರ್ಜನ್ಯದ ಆರೋಪಗಳ ತನಿಖೆ ಸಿಬಿ-ಸಿಐಡಿಗೆ ಹೋಯಿತು. ಒಂದನ್ನು ಬಯಲಿಗೆಳೆದವರು ಊರವರು, ಇನ್ನೊಂದನ್ನು ಬಯಲಿಗೆಳೆದದ್ದು ಕೋರ್ಟಿನ ಅರ್ಜಿ. ಹೊರಗಿನವರಿಗೆ ಗೊತ್ತಾಗುವ ಹೊತ್ತಿಗೆ ಎಷ್ಟೋ ಮೈಗಳ ಮೇಲೆ ಎಷ್ಟೋ ಗಾಯಗಳು ಬಂದು ಮಾಸಿಹೋಗಿರುತ್ತವೆ.

ಆ ಗಾಯವನ್ನು ಮೊದಲ ದಿನವೇ ನೋಡಬಲ್ಲವರು ಆರೈಕೆ ಕೇಂದ್ರದ ನರ್ಸ್. ವಡವಳ್ಳಿ, ಸಿರುವಾಣಿ ರಸ್ತೆಯ ಸುತ್ತಮುತ್ತ ನಿವೃತ್ತರ ವಸತಿಗಳು ಎದ್ದು ಕೊಯಮತ್ತೂರು ಮುಪ್ಪಿನ ಊರೆಂದೇ ಹೆಸರಾಗಿದೆ. ಮಕ್ಕಳು ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ತಮಿಳುನಾಡಿನ ಜನರಲ್ಲಿ 60 ದಾಟಿದವರ ಪಾಲು 2021ಕ್ಕೆ ಶೇ. 13.6 ಎಂದು ಅಂದಾಜಿಸಲಾಗಿತ್ತು. ಕೇರಳ ಬಿಟ್ಟರೆ ಇಷ್ಟು ಮುಪ್ಪಾದ ದೊಡ್ಡ ರಾಜ್ಯ ಇನ್ನೊಂದಿಲ್ಲ. ಹಾಸಿಗೆ ಹಿಡಿದವರ ಮೈ ಒರೆಸುವಾಗ, ಬಿ.ಪಿ. ನೋಡುವಾಗ, ಮಗ್ಗುಲು ಬದಲಿಸುವಾಗ ಕಾಣುವುದು ವಾರಕ್ಕೊಮ್ಮೆ ಬರುವ ಡಾಕ್ಟರಿಗೂ ವಿಡಿಯೊ ಕಾಲ್‌ನ ಮಗನಿಗೂ ಕಾಣದು. ಬಿದ್ದ ಪೆಟ್ಟು ಸಾಮಾನ್ಯವಾಗಿ ಮೊಣಕಾಲು, ಮೊಣಕೈ, ಹಣೆಯಲ್ಲಿರುತ್ತದೆ. ಎರಡೂ ತೋಳುಗಳ ಒಳಬದಿಯಲ್ಲಿ ಬೆರಳಚ್ಚಿನಂತೆ ಕಂದಿದ್ದರೆ ಯಾರೋ ಹಿಡಿದು ಅದುಮಿರಬಹುದು. ಮಣಿಕಟ್ಟಿನ ಸುತ್ತ ಗೆರೆ, ಕಾರಣವಿಲ್ಲದೆ ಇಳಿದ ತೂಕ, ಬರೆದುಕೊಟ್ಟಿರದ ನಿದ್ದೆ ಮಾತ್ರೆಯ ಮಂಪರು, ಒಬ್ಬ ಆಯಾ ಒಳಗೆ ಬಂದಾಗ ಮಾತ್ರ ಮುದುಡುವ ಮುದುಕಿ. ಇವು ಯಾವುವೂ ಪುರಾವೆಯಲ್ಲ, ಅನುಮಾನ ಮಾತ್ರ. ಆದರೆ ಪುರಾವೆ ಹುಡುಕುವುದು ಪೊಲೀಸರ ಕೆಲಸ, ಅನುಮಾನವನ್ನು ತಲುಪಿಸುವುದಷ್ಟೇ ನರ್ಸ್ ಕೆಲಸ. ಈ ಎರಡು ಕೆಲಸಗಳ ನಡುವಿನ ಗೆರೆ ಅಳಿಸಿಹೋದಾಗಲೇ ‘ಖಚಿತವಾಗಲಿ, ಆಮೇಲೆ ನೋಡೋಣ’ ಎಂಬ ಮೌನ ಶುರುವಾಗುತ್ತದೆ.

ಕಾನೂನು ಇಲ್ಲಿ ವಿಚಿತ್ರವಾಗಿ ಮುಗ್ಗರಿಸುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದೂ ಸುಮ್ಮನಿದ್ದರೆ 2012ರ ಪೋಕ್ಸೊ ಕಾಯ್ದೆಯಡಿ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ವೃದ್ಧರ ವಿಷಯದಲ್ಲಿ ಹೀಗಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಹೆತ್ತವರನ್ನು ತೊರೆದು ಹೋಗುವವರ ಮೇಲೆ ಗುರಿಯಿಟ್ಟದ್ದು. ಆರೈಕೆಗೆಂದು ಸಂಬಳ ಪಡೆಯುವವರು ಕಣ್ಣಾರೆ ಕಂಡದ್ದನ್ನು ತಿಳಿಸಬೇಕೆಂದು ಅದು ಹೇಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಸೆಕ್ಷನ್, ದೌರ್ಜನ್ಯದ ಅನುಮಾನ ಬಂದ ಯಾರೇ ಆದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು ಎನ್ನುತ್ತದೆ. ಪಾರ್ಶ್ವವಾಯುವಿನಿಂದ ಕೈಕಾಲು ಬಿದ್ದವರು, ಪಾರ್ಕಿನ್ಸನ್ ರೋಗಿಗಳು ಇದರ ವ್ಯಾಪ್ತಿಗೆ ಬರಬಲ್ಲರು. ಬಾಗಿಲು ತೆರೆದಿದೆ, ಹೋಗಲೇಬೇಕೆಂದಿಲ್ಲ. ಆರೈಕೆ ಕೇಂದ್ರಗಳಿಗೆ ಕನಿಷ್ಠ ಮಟ್ಟ ಗೊತ್ತುಪಡಿಸಲು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆ ಕಾನೂನಾಗದೆ ಬಿದ್ದುಹೋಯಿತು.

‘ತಿಳಿಸಬಹುದು’ ಎಂದಿದ್ದರೆ ಸಾಲದೇ, ಬಡ ನರ್ಸ್ ಮೇಲೆ ಇನ್ನೊಂದು ಶಿಕ್ಷೆಯ ಭಯ ಏಕೆ ಎಂದು ಕೇಳುವವರಿದ್ದಾರೆ. ಆ ಕರುಣೆ ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು. ಹೇಳುವುದು ಐಚ್ಛಿಕವಾಗಿದ್ದಾಗ ಹೇಳಿದವಳೇ ಚಾಡಿಕೋರಳಾಗುತ್ತಾಳೆ. ಆಡಳಿತದವರು ‘ನಿನಗೇಕೆ ಬೇಕಿತ್ತು’ ಎನ್ನುತ್ತಾರೆ, ಕೆಲಸ ಹೋಗುತ್ತದೆ. ಕಡ್ಡಾಯವಾಗಿದ್ದರೆ ‘ಹೇಳದಿದ್ದರೆ ನಾನೇ ಜೈಲಿಗೆ ಹೋಗುತ್ತಿದ್ದೆ’ ಎಂಬ ಉತ್ತರ ಅವಳ ಕೈಯಲ್ಲಿರುತ್ತದೆ. ಅಮೆರಿಕದಲ್ಲಿ 2010ರ ಕಾನೂನು ಇದನ್ನೇ ಮಾಡಿದೆ: ಗಂಭೀರ ಗಾಯವಾಗಿದ್ದರೆ ಎರಡು ಗಂಟೆಯೊಳಗೆ, ಇಲ್ಲವಾದರೆ 24 ಗಂಟೆಯೊಳಗೆ ಸಿಬ್ಬಂದಿ ಪೊಲೀಸರಿಗೇ ತಿಳಿಸಬೇಕು, ತಿಳಿಸಿದವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಒಳಗಿನ ಮ್ಯಾನೇಜರಿಗೆ ಹೇಳಿದರೆ ಸಾಕು ಎಂಬ ವಾದಕ್ಕೆ ಇಂಗ್ಲೆಂಡಿನ ವಿಂಟರ್‌ಬೋರ್ನ್ ವ್ಯೂ ಆಸ್ಪತ್ರೆಯೇ ಉತ್ತರ. ಅಲ್ಲಿನ ಹಿರಿಯ ನರ್ಸ್ ಟೆರ್ರಿ ಬ್ರಯನ್ ಆಡಳಿತಕ್ಕೂ ನಿಯಂತ್ರಣ ಮಂಡಳಿಗೂ ದೂರಿದರು, ಯಾರೂ ಅಲ್ಲಾಡಲಿಲ್ಲ. 2011ರಲ್ಲಿ ಬಿಬಿಸಿಯ ರಹಸ್ಯ ಕ್ಯಾಮೆರಾ ಅಲ್ಲಿನ ದೌರ್ಜನ್ಯವನ್ನು ತೋರಿಸಿದ ಮೇಲೆ ಆಸ್ಪತ್ರೆ ಮುಚ್ಚಿತು. ಇನ್ನು, ಸುಳ್ಳು ದೂರಿನಿಂದ ಒಳ್ಳೆಯ ಆಶ್ರಮದ ಹೆಸರು ಕೆಡುತ್ತದೆ ಎಂಬ ಆತಂಕವನ್ನು ತಳ್ಳಿಹಾಕಲಾಗದು. ಅದಕ್ಕೆ ಮದ್ದು ಗುಟ್ಟಾದ, ತ್ವರಿತ ತನಿಖೆ, ಮೌನವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಉಲ್ಲೇಖಿಸುವ ಅಧ್ಯಯನಗಳಲ್ಲಿ ಆರೈಕೆ ಕೇಂದ್ರಗಳ ಸಿಬ್ಬಂದಿಯ ಮೂವರಲ್ಲಿ ಇಬ್ಬರು ಹಿಂದಿನ ವರ್ಷ ತಾವೇ ಒಂದಲ್ಲ ಒಂದು ಬಗೆಯ ದೌರ್ಜನ್ಯ ಎಸಗಿದ್ದಾಗಿ ಒಪ್ಪಿದ್ದಾರೆ. ಅವರೆಲ್ಲ ರಾಕ್ಷಸರಲ್ಲ. ಬಹುಪಾಲು ದಣಿವು, ಜನ ಸಾಲದಿರುವುದು, ತರಬೇತಿ ಇಲ್ಲದಿರುವುದು. ಬೇಗ ಗೊತ್ತಾದರೆ ತಿದ್ದಬಹುದಾದ ತಪ್ಪುಗಳೇ ಹೆಚ್ಚು.

ನನಗೆ ನಿಜಕ್ಕೂ ಕಷ್ಟವೆನಿಸುವ ಆಕ್ಷೇಪ ಬೇರೆ. ಬುದ್ಧಿ ಸ್ವಾಧೀನದಲ್ಲಿರುವ ಅಜ್ಜಿ ‘ಯಾರಿಗೂ ಹೇಳಬೇಡಮ್ಮ’ ಎಂದರೆ? ಅವರು ಮಗುವಲ್ಲ, ಅವರ ಮಾತಿಗೆ ಬೆಲೆಯಿದೆ. ಆದರೆ ಹೊಡೆದವರ ಕೈಯಿಂದಲೇ ರಾತ್ರಿ ಊಟ ಪಡೆಯಬೇಕಾದವರ ‘ಬೇಡ’ದಲ್ಲಿ ಭಯದ ಪಾಲೆಷ್ಟು, ಇಚ್ಛೆಯ ಪಾಲೆಷ್ಟು? ಅದೇ ಕೈ ಪಕ್ಕದ ಮಂಚದವರ ಮೇಲೂ ಏಳಬಹುದು, ಅವರು ಮಾತೂ ಆಡಲಾರರು. ಹಾಗಾಗಿ ವಿಷಯ ತಿಳಿಸಬೇಕು, ಮುಂದಿನ ಹೆಜ್ಜೆಯಲ್ಲಿ ಅಜ್ಜಿಯ ಮಾತು ನಡೆಯಬೇಕು. ಎಲ್ಲಿ ಇರಬೇಕು, ಕೇಸು ಬೇಕೇ ಎಂಬುದನ್ನು ಅವರನ್ನು ಒಂಟಿಯಾಗಿ ಕೂರಿಸಿ, ಅವರ ನುಡಿಯಲ್ಲೇ ಕೇಳಬೇಕು. ಪೊಳ್ಳಾಚಿ, ಉಡುಮಲೈ ಕಡೆಯ ದೇವಾಂಗ ನೇಕಾರರ, ಒಕ್ಕಲಿಗರ ಮನೆಗಳಿಂದ ಬಂದ ಹಿರಿಯರಿಗೆ ಅದು ಕನ್ನಡವೇ ಆಗಿರಬಹುದು. ಮರೆವು ಹೆಚ್ಚಿದಂತೆ ಕಲಿತ ತಮಿಳು ಜಾರಿ ಮನೆಮಾತೊಂದೇ ಉಳಿಯುವುದುಂಟು. ಕಾನೂನು ಬದಲಾಗುವ ತನಕವೂ ನರ್ಸ್ ಕೈ ಪೂರ್ತಿ ಖಾಲಿಯಲ್ಲ: ಗಾಯದ ಜಾಗ, ಅಳತೆ, ಬಣ್ಣ, ಹೊತ್ತು, ರೋಗಿ ಆಡಿದ ಮಾತು ಇದ್ದಂತೆ ಕೇಸ್ ಶೀಟಿನಲ್ಲಿ ಬರೆಯಬಹುದು. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು. ಕೊಯಮತ್ತೂರು, ಪೊಳ್ಳಾಚಿ, ತಿರುಪ್ಪೂರು, ಧಾರಾಪುರಂ, ಉಡುಮಲೈಗಳಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೂ ಆದ ಆರ್‌ಡಿಒ ಅಥವಾ ಸಬ್ ಕಲೆಕ್ಟರ್ ಕಚೇರಿಗಳಿವೆ. ಅಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದರೆ ‘ನಮಗೆ ಗೊತ್ತೇ ಇರಲಿಲ್ಲ’ ಎಂದು ಆಮೇಲೆ ಯಾರೂ ಹೇಳಲಾರರು.