ಬಂಡಿಯ ಇರುಸೂ ಕೀಲೆಣ್ಣೆಯೂ

ಬಂಡಿಯ ಗಾಲಿಯು ಕಿರುಗುಟ್ಟಿದರೆ, ಇರುಸೂ ಗುಂಬದೊಳಗಿನ ಕಬ್ಬಿಣದ ಬಳೆಯೂ ಎಣ್ಣೆಯಾರಿ ಒಂದಕ್ಕೊಂದು ಉಜ್ಜುತ್ತಿವೆಯೆಂದು ರೈತರು ತಿಳಿಯತಕ್ಕದ್ದು. ಇದರ ಶ್ರಮವೆಲ್ಲವೂ ಎತ್ತುಗಳ ಹೆಗಲಿಗೇ ಬೀಳುವುದು. ಹಲವರು ಹಳೆಯ ಜಿಡ್ಡಿನ ಮೇಲೆಯೇ ಹೊಸ ಕೀಲೆಣ್ಣೆಯನ್ನು ಬಳಿಯುವುದುಂಟು. ಇದು ಸರಿಯಲ್ಲ. ಜಿಡ್ಡಿನಲ್ಲಿ ಸೇರಿದ ಮರಳು ಸಾಣೆಕಲ್ಲಿನಂತೆ ಇರುಸನ್ನು ಸವೆಯಿಸುವುದು.

ಆದುದರಿಂದ ಹೊರೆಯನ್ನಿಳಿಸಿ, ಎತ್ತುಗಳನ್ನು ಬಿಚ್ಚಿ, ಮೂಕಿಗೆ ಆಧಾರವಿತ್ತು, ಇರುಸಿನ ಕೆಳಗೆ ಗಟ್ಟಿಯಾದ ದಿಮ್ಮಿಯನ್ನಿಟ್ಟು, ಕಡಾಣಿಯನ್ನು ತೆಗೆದು ಗಾಲಿಯನ್ನು ಹೊರಕ್ಕೆಳೆಯಬೇಕು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಇರುಸನ್ನೂ ಬಳೆಯನ್ನೂ ಚೆನ್ನಾಗಿ ಒರೆಸಿ, ಆರಿದ ಮೇಲೆ ಕೀಲೆಣ್ಣೆಯನ್ನು ಸುತ್ತಲೂ ಸಮವಾಗಿ ಸವರಬೇಕು. ಗೊಟ್ಟದ ಬಾಯಿಗೆ ಧೂಳು ಬೀಳದಂತೆ ಮುಚ್ಚಳವಿರಲಿ.

ಸವೆದ ಕಡಾಣಿಯನ್ನು ಆಗಲೇ ಬದಲಾಯಿಸತಕ್ಕದ್ದು. ದಾರಿಯಲ್ಲಿ ಅದು ಮುರಿದರೆ ಗಾಲಿಯು ಕಳಚಿ, ಎತ್ತುಗಳಿಗೂ ಬಂಡಿಯಲ್ಲಿರುವವರಿಗೂ ಪ್ರಾಣಾಪಾಯವುಂಟಾಗುವುದು.