ಹೊಗೆಗೊಂದು ಹಾದಿ

ಅಡಿಗೆಯ ಅನಿಲವು ಮನೆಮನೆಗೆ ಬಂದು ಬಹುಕಾಲವಾಯಿತು. ಆದರೂ ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳ ಬಚ್ಚಲಿನಿಂದ ಹಂಡೆಯ ಒಲೆ ಪೂರ್ಣವಾಗಿ ಮರೆಯಾಗಿಲ್ಲ. ಮಳೆಗಾಲದ ಮುಂಜಾವಿನಲ್ಲಿ ಹಸಿ ಕಟ್ಟಿಗೆಯನ್ನು ಊದಿ ಊದಿ ಕಣ್ಣು ಕೆಂಪಾದ ಗೃಹಿಣಿಗೆ ಹೊಗೆಯ ಬಾಧೆಯನ್ನು ಬಣ್ಣಿಸಬೇಕಾದುದಿಲ್ಲ. ಇಲ್ಲಣಗಟ್ಟಿದ ಗೋಡೆಗೆ ಸುಣ್ಣ ಬಳಿಯಬಹುದು, ಶ್ವಾಸಕೋಶಕ್ಕೆ ಬಳಿಯಲಾಗದು. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವಂತೂ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಎರವಾಗಬಲ್ಲದು.

ಹಿಂದಿನ ಗೌಂಡಿಗಳು ಇದನ್ನು ಅರಿಯದವರಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆಯಲ್ಲಿ ಅವರು ಬೆಳಕಿಂಡಿಯನ್ನು ಬಿಡುತ್ತಿದ್ದರು. ಆದರೆ ಅದನ್ನು ತಲುಪುವ ಮೊದಲೇ ಹೊಗೆಯು ಕೋಣೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಮಳೆ ಬಂದರೆ ಕಿಂಡಿಯನ್ನೇ ಮುಚ್ಚಬೇಕಾಗುತ್ತಿತ್ತು. ಹೊಗೆಯನ್ನು ಒಲೆಯಲ್ಲಿಯೇ ಹಿಡಿದು ಹೊರಗೊಯ್ಯಬೇಕೆಂದು ಯತ್ನಿಸಿದವರಲ್ಲಿ ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಒಬ್ಬರು, ೧೯೫೩ರಲ್ಲಿ ಅವರು ಹೊಗೆಯಿಲ್ಲದ ಅಡಿಗೆಮನೆಯನ್ನು ಕುರಿತು ಪುಸ್ತಕವನ್ನೇ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗವು ರೂಪಿಸಿದ ಒಲೆ ೧೯೮೦ರ ದಶಕದಲ್ಲಿ ಕರ್ನಾಟಕದ ಹಳ್ಳಿಗಳನ್ನು ಮುಟ್ಟಿತು. ಮುಚ್ಚಿದ ಉರಿಗೂಡು, ಕಬ್ಬಿಣದ ಜಾಲರಿ, ಹೊಗೆಕೊಳವೆಗಳಿದ್ದ ಆ ಒಲೆಯಿಂದ ಹೊಗೆ ತಗ್ಗಿದುದಲ್ಲದೆ ಕಟ್ಟಿಗೆಯೂ ಉಳಿಯಿತು.

ಕೊಳವೆಯು ಹೊಗೆಯನ್ನು ಸೆಳೆಯುವುದಾದರೂ ಹೇಗೆ? ಬಿಸಿಗಾಳಿ ತಣ್ಣನೆಯ ಗಾಳಿಗಿಂತ ಹಗುರ. ಅದು ಮೇಲೇರಿದಂತೆ ಒಲೆಯ ಬಾಯಿಂದ ಹೊಸ ಗಾಳಿ ಒಳನುಗ್ಗುತ್ತದೆ. ಕೊಳವೆ ಎತ್ತರವಾದಷ್ಟೂ, ಬಿಸಿಯಾಗಿದ್ದಷ್ಟೂ ಈ ಸೆಳೆತ ಹೆಚ್ಚು. ಆದುದರಿಂದ ಗೋಡೆಗೆ ತೂತು ಕೊರೆದು ಮೊಳದುದ್ದದ ಕೊಳವೆಯನ್ನು ಹೊರಚಾಚಿದರೆ ಫಲವಿಲ್ಲ. ಧಾರವಾಡದ ಮುಂಗಾರಿನ ಪಡುವಣ ಗಾಳಿ ಬೀಸಿದೊಡನೆ ಹೊಗೆ ಮರಳಿ ಮನೆಯನ್ನೇ ಹೊಗುತ್ತದೆ.

ಒಲೆಯ ಸ್ಥಳವನ್ನು ಗೊತ್ತುಮಾಡುವಾಗಲೇ ತಲೆಯೆತ್ತಿ ಛಾವಣಿಯನ್ನು ನೋಡಬೇಕು. ಕೊಳವೆ ಆದಷ್ಟೂ ನೇರವಾಗಿ ಏರಲಿ. ಪ್ರತಿ ತಿರುವೂ ಸೆಳೆತವನ್ನು ಕುಗ್ಗಿಸುತ್ತದೆ. ಛಾವಣಿಯನ್ನು ದಾಟಿದೆಡೆಯಿಂದ ಅದು ಕನಿಷ್ಠ ೩ ಅಡಿ ಎತ್ತರವಿರಬೇಕು. ಸುತ್ತಲಿನ ೧೦ ಅಡಿಯೊಳಗೆ ಛಾವಣಿಯ ಯಾವ ಭಾಗಕ್ಕಿಂತಲೂ ೨ ಅಡಿ ಮೇಲಿರಬೇಕು. ಬರಿಯ ತಗಡಿನ ಕೊಳವೆ ತೊಲೆ-ಜಂತಿಗಳಿಂದ ಒಂದೂವರೆ ಅಡಿ ದೂರವಿರಲಿ. ಅಷ್ಟು ಎಡೆಯಿಲ್ಲದಿದ್ದರೆ ಇಟ್ಟಿಗೆಯ ಹೊಗೆಗೂಡನ್ನು ಕಟ್ಟಿಸುವುದು ಲೇಸು. ಆಸ್ಬೆಸ್ಟಾಸ್ ಕೊಳವೆ ಅಗ್ಗವಾದರೂ ಬೇಡ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಕೇಡು.

ನೆತ್ತಿಗೆ ಮಳೆ ತಡೆಯುವ ಟೊಪ್ಪಿಗೆ, ಬುಡದಲ್ಲಿ ಮಸಿ ತೆಗೆಯಲು ಚಿಕ್ಕ ಬಾಗಿಲು, ಎರಡೂ ಅವಶ್ಯ. ಒದ್ದೆ ಕಟ್ಟಿಗೆಯ ಮಸಿ ಅಂಟಿನಂತೆ ಕಟ್ಟಿಕೊಂಡರೆ ಕೊಳವೆಯೊಳಗೇ ಬೆಂಕಿ ಹತ್ತುವುದುಂಟು. ಕೊಳವೆಯಿದ್ದರೂ ಒಂದು ಕಿಟಕಿ ತೆರೆದಿರಲೇಬೇಕು. ಒಳಬರುವ ಗಾಳಿಯಿಲ್ಲದೆ ಹೊರಹೋಗುವ ಹೊಗೆಯಿಲ್ಲ.

ಮನೆ ಕಟ್ಟಿಸುವವರು ದೇವರ ಕೋಣೆಗೆ ದಿಕ್ಕು ನೋಡುತ್ತಾರೆ, ತಿಜೋರಿಗೆ ಮೂಲೆ ನೋಡುತ್ತಾರೆ. ಅದೇ ನಕ್ಷೆಯಲ್ಲಿ ಹೊಗೆಗೂ ಒಂದು ಹಾದಿಯನ್ನು ಗುರುತಿಸಿದರೆ, ನಿತ್ಯವೂ ಒಲೆಯ ಮುಂದೆ ಕೂಡುವ ಜೀವಕ್ಕೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.